ಕ್ಯಾಶ್ ಶಾರ್ಟ್ ಬಂದರೆ ಅಂದೇ ಹೇಳಬೇಕು

ಹೋದ ವರ್ಷ ದಸರಾ ರಜೆಗೆ ಬೆಂಗಳೂರಿನಿಂದ ಮೈಸೂರಿಗೆ ಬಂದ ಮೊಮ್ಮಗಳು ಚಾರ್ಜರ್ ಹುಡುಕುತ್ತ ನಮ್ಮ ಕೋಣೆಯ ಬೀರು ತೆಗೆದಳು. ಪಂಚೆಗಳ ಅಡಿಯಲ್ಲಿ ಟವೆಲ್ಲಿನಲ್ಲಿ ಸುತ್ತಿಟ್ಟಿದ್ದ ನನ್ನ ಫೋನು ಅವಳ ಕೈಗೆ ಸಿಕ್ಕಿತು.

“ತಾತಾ, ನಿನ್ ಫೋನ್ ಯಾಕೆ ಬೀರೂಲಿದೆ? ಸ್ವಿಚ್ ಆಫ್ ಬೇರೆ ಆಗಿದೆ.”

“ಕೆಟ್ಟುಹೋಗಿದೆ ಪುಟ್ಟಾ” ಎಂದೆ.

ಅವಳು ಒಂಬತ್ತನೇ ತರಗತಿಯ ಹುಡುಗಿ. ಇಂಥ ಮಾತನ್ನು ನಂಬುವವಳಲ್ಲ. ಚಾರ್ಜಿಗೆ ಹಾಕಿದಳು. ಐದು ನಿಮಿಷದಲ್ಲಿ ಫೋನು ಜೀವ ಬಂದಂತೆ ಟಿಣ್ ಟಿಣ್ ಎನ್ನತೊಡಗಿತು. ಪ್ರತಿ ಸದ್ದಿಗೂ ನಾನು ಬೆಚ್ಚುವುದನ್ನು ಅವಳು ನೋಡಿದಳು.

“ಫೋನ್ ಕೆಟ್ಟಿಲ್ಲ ತಾತಾ. ನೀನೇ ಏನೋ ಒಂಥರಾ ಆಗಿದೀಯ” ಎಂದಳು.

ನನಗೀಗ 74 ವರ್ಷ. ಬಿ.ಕಾಂ. ಮುಗಿಸಿ 1974ರಲ್ಲಿ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿ, 37 ವರ್ಷ ಬೇರೆಯವರ ದುಡ್ಡು ಎಣಿಸಿ, 2011ರಲ್ಲಿ ಹಾರ ಹಾಕಿಸಿಕೊಂಡು ಮನೆಗೆ ಬಂದವನು. ಮನಸ್ಸಿನ ಚಿಕಿತ್ಸೆ, ಅದೂ ಫೋನಿನ ಪರದೆಯ ಮೂಲಕ, ನನಗೇ ಬೇಕಾಗುತ್ತದೆ ಎಂದು ಎಂದೂ ಎಣಿಸಿರಲಿಲ್ಲ. ಈ ವಾರಪತ್ರಿಕೆಯನ್ನು ಓದುವ ನನ್ನ ವಯಸ್ಸಿನವರಿಗೂ ಅವರ ಮೊಮ್ಮಕ್ಕಳಿಗೂ ಉಪಯೋಗವಾಗಬಹುದೆಂದು ನಡೆದದ್ದನ್ನು ನಡೆದಂತೆ ಬರೆಯುತ್ತಿದ್ದೇನೆ.

ಹತ್ತು ರೂಪಾಯಿಯ ಕಥೆ

ಆಷಾಢದ ಒಂದು ಸಂಜೆ ಫೋನಿಗೆ ಒಂದು ಸಂದೇಶ ಬಂತು. ‘ನಿಮ್ಮ ವಿದ್ಯುತ್ ಬಿಲ್ ಅಪ್‌ಡೇಟ್ ಆಗಿಲ್ಲ. ಇಂದು ರಾತ್ರಿ 9.30ಕ್ಕೆ ಕರೆಂಟ್ ಕಡಿತ ಮಾಡಲಾಗುವುದು. ಈ ನಂಬರಿಗೆ ಕರೆ ಮಾಡಿ.’ ಬಿಲ್ ಕಟ್ಟಿದ ರಸೀದಿ ನನ್ನ ಫೈಲಿನಲ್ಲೇ ಇತ್ತು. ಆದರೂ ‘ರಾತ್ರಿ 9.30’ ಎಂಬ ಮಾತು ನನ್ನನ್ನು ಓಡಿಸಿತು. ಹೆಂಡತಿಗೆ ಮೊಣಕಾಲು ನೋವು, ಕತ್ತಲಲ್ಲಿ ಎಲ್ಲಿ ಎಡವಿ ಬಿದ್ದಾಳೋ ಎಂಬ ಯೋಚನೆ. ಆ ನಂಬರಿಗೆ ಕರೆ ಮಾಡಿದೆ.

ಆ ಕಡೆಯವನು ಬಹಳ ಮರ್ಯಾದೆಯಿಂದ ಮಾತಾಡಿದ. ಒಂದು ಆ್ಯಪ್ ಹಾಕಿಕೊಳ್ಳಿ ಎಂದ, ಹಾಕಿಕೊಂಡೆ. ಹತ್ತು ರೂಪಾಯಿ ಕಟ್ಟಿದರೆ ಬಿಲ್ ಅಪ್‌ಡೇಟ್ ಆಗುತ್ತದೆ ಎಂದ, ಕಟ್ಟಿದೆ. ನಾನು ಒತ್ತಿದ ಒಂದೊಂದು ಅಂಕಿಯನ್ನೂ ಆ ಆ್ಯಪಿನ ಮೂಲಕ ಅವನು ಕೂತಲ್ಲೇ ನೋಡುತ್ತಿದ್ದ ಎಂಬುದು ನನಗೆ ತಿಳಿದದ್ದು ಆಮೇಲೆ. ಎರಡು ಕಂತಿನಲ್ಲಿ 86,500 ರೂಪಾಯಿ ಹೋಯಿತು. ಹೆಂಡತಿಯ ಹೆಸರಿನ ಎಫ್‌ಡಿ ಮುಗಿದು ಆ ತಿಂಗಳಷ್ಟೇ ನಮ್ಮ ಜಂಟಿ ಖಾತೆಗೆ ಬಂದಿದ್ದ ಹಣ ಅದು. ಕಾಶಿಗೆಂದು ಅವಳು ಇಟ್ಟುಕೊಂಡಿದ್ದದ್ದು.

ಇಂಥದ್ದು ಆದ ಕೂಡಲೇ 1930ಕ್ಕೆ ಕರೆ ಮಾಡಬೇಕು. ಅದು ಸೈಬರ್ ವಂಚನೆಯ ದೂರು ಕೊಡುವ ರಾಷ್ಟ್ರೀಯ ಸಹಾಯವಾಣಿ. ಎಷ್ಟು ಬೇಗ ಹೇಳುತ್ತೇವೋ ಅಷ್ಟು ಹಣವನ್ನು ಕಳ್ಳನ ಕೈ ಸೇರುವ ಮೊದಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಇದು ನನಗೆ ಗೊತ್ತಿತ್ತು. ಕುಕ್ಕರಹಳ್ಳಿ ಕೆರೆ ಏರಿಯ ಕಲ್ಲುಬೆಂಚಿನಲ್ಲಿ ನಿತ್ಯ ಕೂರುವ ಐದು ಜನ ಮುದುಕರಿಗೆ ಒಟಿಪಿ ಬಗ್ಗೆ, ಪಿನ್ ಬಗ್ಗೆ ಪಾಠ ಹೇಳುತ್ತಿದ್ದವನೇ ನಾನು. ಹಾಗಾಗಿಯೇ ಬಾಯಿ ಬಿಡಲಾಗಲಿಲ್ಲ. ಊರಿಗೆಲ್ಲ ಬುದ್ಧಿ ಹೇಳಿದ ಬ್ಯಾಂಕಿನವನೇ ಮೋಸಹೋದ ಎಂದರೆ ಮುಖ ಎಲ್ಲಿಟ್ಟುಕೊಳ್ಳಲಿ?

ಫೋನು ಬೀರು ಸೇರಿತು. ಪಾಸ್‌ಬುಕ್ಕೂ ಅದರ ಪಕ್ಕ ಸೇರಿತು. ಕೆರೆಯ ಕಡೆ ವಾಕಿಂಗ್ ನಿಂತಿತು. ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಬೆಳಗಾಗುವವರೆಗೂ ಅದೇ ಸಂಜೆ, ಅದೇ ಧ್ವನಿ, ಅದೇ ಹತ್ತು ರೂಪಾಯಿ. “ಸಕ್ಕರೆ ಏನಾದ್ರೂ ಜಾಸ್ತಿ ಆಗಿದ್ಯಾ, ತೋರಿಸಿಕೊಳ್ಳಿ” ಎಂದು ಹೆಂಡತಿ ಹಿಂದೆ ಬಿದ್ದಳು. ನಮ್ಮ ಡಾಕ್ಟರು ಸಕ್ಕರೆ, ಥೈರಾಯ್ಡ್, ಬಿ12 ಎಲ್ಲ ಪರೀಕ್ಷೆ ಮಾಡಿಸಿದರು. ಎಲ್ಲವೂ ಸರಿಯಿತ್ತು. ಸರಿಯಿಲ್ಲದ್ದು ರಕ್ತದಲ್ಲಿರಲಿಲ್ಲ.

ಗುಟ್ಟಿಗೆ ಗುಟ್ಟು

ಮೂರು ತಿಂಗಳು ಯಾರಿಗೂ ಹೇಳದ್ದನ್ನು ಆ ದಿನ ಹದಿನಾಲ್ಕು ವರ್ಷದ ಹುಡುಗಿಗೆ ಹೇಳಿಬಿಟ್ಟೆ. ಅವಳು ನಗಲಿಲ್ಲ. ‘ಅಯ್ಯೋ ತಾತಾ’ ಎಂದೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನೂ ಒಂದು ಹೇಳ್ಲಾ?” ಎಂದಳು.

ಎಂಟನೇ ತರಗತಿಯಲ್ಲಿ ಗಣಿತದ ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದಾಗ ಉತ್ತರಪತ್ರಿಕೆಗೆ ಅಮ್ಮನ ಸಹಿಯನ್ನು ತಾನೇ ಹಾಕಿದ್ದಳಂತೆ. ಆಮೇಲೆ ನಿದ್ದೆಯಿಲ್ಲ, ಊಟ ಸೇರದು. ಕೊನೆಗೆ ಶಾಲೆಯಲ್ಲಿರುವ ಕೌನ್ಸೆಲರ್ ಮೇಡಂ ಹತ್ತಿರ ಹೋಗಿ ಹೇಳಿದಳಂತೆ. “ಅವರು ಬೈಲಿಲ್ಲ ತಾತಾ. ಅಮ್ಮಂಗೆ ಹೇಗೆ ಹೇಳ್ತೀಯ ಅಂತ ನನ್ ಕೈಲೇ ಪ್ರ್ಯಾಕ್ಟೀಸ್ ಮಾಡಿಸಿದ್ರು.” (ಇದನ್ನು ಬರೆಯಲು ಅವಳ ಒಪ್ಪಿಗೆ ಪಡೆದಿದ್ದೇನೆ.)

“ನಿಂಗೂ ಅಂಥವರು ಬೇಕು” ಎಂದಳು.

“ನನಗೇನು ಹುಚ್ಚೇ?” ಎಂದೆ. ನಮ್ಮ ಕಾಲದವರ ಬಾಯಿಗೆ ಮೊದಲು ಬರುವ ಮಾತೇ ಅದು.

“ನಂಗ್ ಹುಚ್ಚಿತ್ತಾ?” ಎಂದಳು. ಉತ್ತರ ತೋಚಲಿಲ್ಲ.

ಸಂಜೆ ಅವಳು ತನ್ನ ತಾಯಿಗೆ ಫೋನ್ ಮಾಡಿ, “ತಾತಂಗೆ ನಿದ್ದೆ ಬರ್ತಿಲ್ಲ, ಯಾರಾದ್ರೂ ಕನ್ನಡದಲ್ಲಿ ಮಾತಾಡೋ ಸೈಕಾಲಜಿಸ್ಟ್ ಬೇಕು” ಎಂದಷ್ಟೇ ಹೇಳಿದಳು. ಗುಟ್ಟು ಬಿಟ್ಟುಕೊಡಲಿಲ್ಲ. ಎರಡು ದಿನದಲ್ಲಿ ಸೊಸೆ ವಿಡಿಯೋ ಕರೆಯಲ್ಲಿ ಚಿಕಿತ್ಸೆ ಕೊಡುವ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್ ಅವರನ್ನು ಹುಡುಕಿ ಸಮಯ ಗೊತ್ತುಮಾಡಿದಳು.

ಈ ಸಲ ಕೆವೈಸಿ ಕೇಳಿದ್ದು ನಾನು

ಆದರೆ ಯೋಚಿಸಿ. ಫೋನಿನಲ್ಲಿ ಮರ್ಯಾದೆಯಿಂದ ಮಾತಾಡಿದ ಅಪರಿಚಿತನಿಂದಲೇ ಕೆಟ್ಟವನು ನಾನು. ಈಗ ಅದೇ ಫೋನಿನಲ್ಲಿ ಇನ್ನೊಬ್ಬ ಅಪರಿಚಿತರ ಮುಂದೆ ಮನಸ್ಸು ಬಿಚ್ಚಬೇಕು!

ಹಾಗಾಗಿ ಮೊದಲ ಕರೆಯಲ್ಲೇ, “ಮೇಡಂ, ತಪ್ಪು ತಿಳಿಯಬೇಡಿ, ನಿಮ್ಮ ಕೆವೈಸಿ ಆಗಬೇಕು” ಎಂದೆ. ಆಕೆ ನಕ್ಕರು. ಬೇಸರಪಡದೆ ತಮ್ಮ ಓದು, ನೋಂದಣಿ ಸಂಖ್ಯೆ ಎಲ್ಲ ಹೇಳಿದರು. ನಮ್ಮ ದೇಶದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ ನೋಂದಣಿ ಇರಬೇಕು. ಆ ಸಂಖ್ಯೆ ಕೊಟ್ಟರೆ ಪರಿಷತ್ತಿನ ಜಾಲತಾಣದಲ್ಲಿ ಹೆಸರು ತಾಳೆ ನೋಡಬಹುದು. ಮೊಮ್ಮಗಳು ಪಕ್ಕದಲ್ಲಿ ಕೂತು ತಾಳೆ ನೋಡಿದಳು. ಸರಿಯಿತ್ತು.

ಆಗಲೇ ತಿಳಿದುಕೊಂಡ ಇನ್ನೊಂದು ವಿಷಯ. “ಡಾಕ್ಟರೇ” ಎಂದು ಕರೆದಾಗ ಆಕೆ, “ನಾನು ಮಾತ್ರೆ ಬರೆಯೋಲ್ಲ ಸರ್” ಎಂದರು. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರ ಓದಿದವರು, ಔಷಧ ಬರೆಯಬಲ್ಲವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮನಃಶಾಸ್ತ್ರ ಓದಿ ಆಸ್ಪತ್ರೆಯಲ್ಲಿ ತರಬೇತಿ ಪಡೆದು, ಮಾತು ಮತ್ತು ಅಭ್ಯಾಸಗಳ ಮೂಲಕ ಚಿಕಿತ್ಸೆ ಕೊಡುವವರು. ಯಾರಿಗೆ ಯಾರು ಬೇಕು ಎಂಬುದನ್ನು ಅವರೇ ಹೇಳುತ್ತಾರೆ.

ಹೇಳಿದ್ದು ನಾಲ್ಕು ಕಿವಿಗೆ ಬೀಳುವುದಿಲ್ಲ ತಾನೇ ಎಂದೂ ಕೇಳಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಗೋಪ್ಯತೆಯನ್ನು ರೋಗಿಯ ಹಕ್ಕು ಎಂದೇ ಹೇಳಿದೆಯಂತೆ. ಜೀವಕ್ಕೆ ಅಪಾಯವಿದೆ ಎನ್ನಿಸಿದಾಗ ಮಾತ್ರ ಮನೆಯವರಿಗೆ ತಿಳಿಸಬೇಕಾಗುತ್ತದೆ ಎಂದು ಆಕೆ ಮೊದಲೇ ಸ್ಪಷ್ಟಪಡಿಸಿದರು.

ದೂರದ ಚಿಕಿತ್ಸೆ ಹೊಸದೇನಲ್ಲ

ಇದೆಲ್ಲ ನಿನ್ನೆ ಮೊನ್ನೆ ಹುಟ್ಟಿದ್ದು ಎಂದುಕೊಂಡಿದ್ದೆ. ಅಲ್ಲ. ಅಮೆರಿಕದ ನೆಬ್ರಾಸ್ಕ ರಾಜ್ಯದ ಮನೋವೈದ್ಯ ಸಂಸ್ಥೆಯೊಂದು 1959ರಲ್ಲೇ ಎರಡೂ ಕಡೆಯವರು ಒಬ್ಬರನ್ನೊಬ್ಬರು ನೋಡಬಲ್ಲ ಟೀವಿಯನ್ನು ಚಿಕಿತ್ಸೆಗೆ ಬಳಸಿತ್ತು. 1964ರ ಹೊತ್ತಿಗೆ ಸುಮಾರು 180 ಕಿಲೋಮೀಟರ್ ದೂರದ ನಾರ್ಫೋಕ್ ಆಸ್ಪತ್ರೆಯನ್ನೂ ಹಾಗೆ ಜೋಡಿಸಿದ್ದರು. ಆಗ ನಾನು ಮಾಧ್ಯಮಿಕ ಶಾಲೆಯ ಹುಡುಗ, ಟೀವಿಯ ಮುಖವನ್ನೇ ನೋಡಿರಲಿಲ್ಲ.

ನಮ್ಮ ಕನ್ನಡದ ವಾರಪತ್ರಿಕೆಗಳೂ ಇದರ ಒಂದು ರೂಪವನ್ನು ಬಹಳ ಹಿಂದೆಯೇ ಮಾಡಿವೆ. ಓದುಗರು ಹೆಸರು ಮರೆಮಾಚಿ ಕಾಗದ ಬರೆಯುತ್ತಿದ್ದರು, ವೈದ್ಯರು ಅಂಕಣದಲ್ಲಿ ಉತ್ತರಿಸುತ್ತಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕಗಳನ್ನು ನಮ್ಮ ಮನೆಗಳಲ್ಲಿ ಓದಿದವರು ಎಷ್ಟೋ ಜನ. ನಿಮ್ಹಾನ್ಸ್ ಈಗಿನ ರೂಪ ಪಡೆದದ್ದು 1974ರಲ್ಲಿ, ನಾನು ಬ್ಯಾಂಕಿಗೆ ಸೇರಿದ ವರ್ಷ.

2020ರ ಮಾರ್ಚಿಯಲ್ಲಿ, ಕೊರೊನಾ ಲಾಕ್‌ಡೌನ್ ಶುರುವಾದ ದಿನಗಳಲ್ಲಿ, ವೈದ್ಯರು ಫೋನು ಮತ್ತು ವಿಡಿಯೋ ಮೂಲಕ ಚಿಕಿತ್ಸೆ ಕೊಡುವುದಕ್ಕೆ ಕೇಂದ್ರ ಸರ್ಕಾರ ಮಾರ್ಗಸೂಚಿ ಹೊರಡಿಸಿತು. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ‘ಟೆಲಿ ಮಾನಸ್’ ಎಂಬ ಸಹಾಯವಾಣಿ ಆರಂಭವಾಯಿತು. ಸಂಖ್ಯೆ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಇದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸೇ. ಹಣ ಕೊಟ್ಟು ಚಿಕಿತ್ಸೆ ಪಡೆಯಲಾಗದವರು, ಎಲ್ಲಿಂದ ಆರಂಭಿಸಬೇಕೆಂದು ತಿಳಿಯದವರು ಈ ಸಂಖ್ಯೆಯಿಂದಲೇ ಆರಂಭಿಸಬಹುದು.

“ಏನು ಬದಲಾಗಬೇಕು, ಸರ್?”

ಮಹಡಿಯ ಕೋಣೆಯಲ್ಲಿ, ಹಪ್ಪಳದ ಡಬ್ಬಗಳ ನಡುವೆ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತೆ. ಮೊಮ್ಮಗಳು ಫೋನನ್ನು ಡಬ್ಬಕ್ಕೆ ಒರಗಿಸಿಟ್ಟು, ಬಾಗಿಲು ಎಳೆದುಕೊಂಡು ಹೋದಳು. ಹೆಂಡತಿಗೆ ‘ನಿದ್ದೆಗೆ ಒಬ್ಬರ ಹತ್ತಿರ ಮಾತಾಡ್ತಿದೀನಿ’ ಎಂದಿದ್ದೆ. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಉಪದೇಶ ಮಾಡುತ್ತಾರೆ ಎಂದುಕೊಂಡಿದ್ದೆ. ಆಕೆ ಕೇಳಿದ್ದು ಒಂದೇ ಪ್ರಶ್ನೆ. “ಏನು ಬದಲಾಗಬೇಕು, ಸರ್?”

“ಆ ದುಡ್ಡು ವಾಪಸು ಬರಬೇಕು” ಎಂದೆ.

“ಅದು ನನ್ನ ಕೈಲಿಲ್ಲ. ನಿಮ್ಮ ದಿನದಲ್ಲಿ ಏನು ಬದಲಾದರೆ ಸ್ವಲ್ಪ ಹಗುರ ಅನ್ನಿಸುತ್ತೆ? ಕಣ್ಣಿಗೆ ಕಾಣೋ ಹಾಗಿರೋದು ಹೇಳಿ.”

ಹತ್ತು ನಿಮಿಷ ತೊಳಲಾಡಿ ಮೂರು ಹೇಳಿದೆ. ರಾತ್ರಿ ನಿದ್ದೆ ಬರಬೇಕು. ಫೋನು ಬಳಸಲು ಹೆದರಬಾರದು. ಕೆರೆಯ ಬೆಂಚಿಗೆ ಮತ್ತೆ ಹೋಗಬೇಕು. ಆಕೆ ಬರೆದುಕೊಂಡರು, ನನಗೂ ಬರೆದುಕೊಳ್ಳಲು ಹೇಳಿದರು. ಹಳೆಯ ಬ್ಯಾಂಕ್ ಡೈರಿಯೊಂದರ ಖಾಲಿ ಹಾಳೆಗಳು ಇದಕ್ಕೆ ಮೀಸಲಾದವು.

ಆಕೆ ಅನುಸರಿಸಿದ ಪದ್ಧತಿಗೆ ಸಿಬಿಟಿ, ಅಂದರೆ ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಎಂದು ಹೆಸರು. 1960ರ ದಶಕದಲ್ಲಿ ಫಿಲಡೆಲ್ಫಿಯದ ಆರನ್ ಬೆಕ್ ಎಂಬ ವೈದ್ಯರು ರೂಪಿಸಿದ್ದರಲ್ಲಿ ಇದರ ಬೇರಿದೆ. ಅವರು 100 ವರ್ಷ ಬಾಳಿ 2021ರಲ್ಲಿ ತೀರಿಕೊಂಡರು. ಇದರ ತಿರುಳು ಇಷ್ಟೇ: ಕಷ್ಟದ ಹೊತ್ತಿನಲ್ಲಿ ಮನಸ್ಸಿನಲ್ಲಿ ತಾನಾಗಿ ಏಳುವ ಮಾತುಗಳನ್ನು ಹಾಗೇ ನಂಬಬಾರದು, ಸಾಕ್ಷಿ ಕೇಳಬೇಕು. ಜೊತೆಗೆ ಹೆದರಿಕೆಯಿಂದ ಬಿಟ್ಟ ಕೆಲಸಗಳನ್ನು ಸಣ್ಣ ಸಣ್ಣದಾಗಿ ಮತ್ತೆ ಹಿಡಿಯಬೇಕು. ವಾರಕ್ಕೆ ಮುಕ್ಕಾಲು ಗಂಟೆ ಮಾತು, ಉಳಿದ ಆರೂ ಮುಕ್ಕಾಲು ದಿನ ಹೋಮ್‌ವರ್ಕ್!

ಹೋಮ್‌ವರ್ಕು ನನಗೆ ಒಗ್ಗಿತು, ಏಕೆಂದರೆ ಅದು ಖಾತೆ ಪುಸ್ತಕದಂತೆಯೇ ಇತ್ತು. ಒಂದು ಕಡೆ ಮನಸ್ಸು ಹೇಳಿದ ಮಾತು: ‘ನಾನು ದಡ್ಡ, ಯಾವುದಕ್ಕೂ ಬಾರದವನು.’ ಅದರ ಪರವಾಗಿ ಸಾಕ್ಷಿ: 86,500 ರೂಪಾಯಿ. ಇನ್ನೊಂದು ಕಡೆ ವಿರುದ್ಧ ಸಾಕ್ಷಿ: 37 ವರ್ಷದ ಕೆಲಸ, ಪ್ರತಿವರ್ಷ ನಮ್ಮ ಬೀದಿಯ ಪಿಂಚಣಿದಾರರಿಗೆ ಬರೆದುಕೊಡುವ ಫಾರಂಗಳು, ಮೊಮ್ಮಗಳಿಗೆ ಕಲಿಸಿದ ಶೇಕಡಾವಾರು ಲೆಕ್ಕ. ಎರಡೂ ಕಡೆ ಬರೆದ ಮೇಲೆ ನನಗೇ ಕಂಡಿತು, ಕಳ್ಳನ ಪಾಲಿನ ತಪ್ಪನ್ನೂ ನನ್ನ ಖಾತೆಗೇ ಡೆಬಿಟ್ ಮಾಡಿಕೊಂಡು ಕೂತಿದ್ದೆ.

ನಿದ್ದೆಗೂ ನಿಯಮಗಳು ಬಂದವು. ರಾತ್ರಿ ಹೇಗೇ ಕಳೆಯಲಿ, ಬೆಳಿಗ್ಗೆ 5.30ಕ್ಕೆ ಏಳುವುದು. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆಗಿಂತ ಹೆಚ್ಚಿಲ್ಲ. ಎಚ್ಚರವಾಗಿ ಹೊರಳಾಡುವ ಬದಲು ಎದ್ದು ಹೊರಗಿನ ಕುರ್ಚಿಯಲ್ಲಿ ಕೂತು, ತೂಕಡಿಕೆ ಬಂದಾಗ ಹಾಸಿಗೆಗೆ ಮರಳುವುದು. ಚಿಂತೆಗೂ ಒಂದು ವೇಳೆ ಗೊತ್ತಾಯಿತು: ಸಂಜೆ 5ರಿಂದ 5.20. ರಾತ್ರಿ ಚಿಂತೆ ಬಂದರೆ ‘ಕೌಂಟರ್ ಮುಚ್ಚಿದೆ, ನಾಳೆ ಬನ್ನಿ’ ಎನ್ನಬೇಕು. ಮೊದಮೊದಲು ನಗು ಬಂತು. ಮೂರನೇ ವಾರಕ್ಕೆ ನಿದ್ದೆ ಬಂತು.

ಆ ಒಂದು ಪ್ರಶ್ನೆ

ಮೂರನೇ ಭೇಟಿಯಲ್ಲಿ ಆಕೆ ನನ್ನ ಕೆಲಸದ ಬಗ್ಗೆ ಕೇಳಿದರು. ಕ್ಯಾಶ್ ಕೌಂಟರಿನ ದಿನಗಳನ್ನು ಹುಮ್ಮಸ್ಸಿನಿಂದ ಹೇಳತೊಡಗಿದೆ.

“ಯಾವತ್ತಾದರೂ ದುಡ್ಡು ಕಡಿಮೆ ಬಂದಿತ್ತಾ ಸರ್?”

“ಎರಡು ಸಲ ಬಂದಿತ್ತು. ಕ್ಯಾಶ್ ಶಾರ್ಟ್ ಅಂತೀವಿ.”

“ಆಗ ಏನು ಮಾಡಿದಿರಿ?”

“ಮತ್ತೆ ಎಣಿಸಿ ನೋಡಿ, ಸಿಗದಿದ್ದರೆ ಅಂದೇ ಮ್ಯಾನೇಜರಿಗೆ ಹೇಳಬೇಕು ಮೇಡಂ. ಬಚ್ಚಿಟ್ಟುಕೊಂಡು ಮನೆಗೆ ಹೋಗೋ ಹಾಗಿಲ್ಲ. ಶಾರ್ಟ್ ಬರೋದು ತಪ್ಪಲ್ಲ, ಮುಚ್ಚಿಡೋದು ತಪ್ಪು.”

ಆಕೆ ಸ್ವಲ್ಪ ಹೊತ್ತು ಬಿಟ್ಟು ಕೇಳಿದರು. “ಈ ಸಲದ ಶಾರ್ಟು ಯಾರಿಗೆ ಹೇಳಿದಿರಿ ಸರ್?”

ಪರದೆ ಸ್ಥಗಿತಗೊಂಡಿದೆಯೇ ಎಂದು ಆಕೆ ಕೇಳುವಷ್ಟು ಹೊತ್ತು ನಾನು ಸುಮ್ಮನಿದ್ದೆ.

ದುಡ್ಡು ಹೋದ ಸಂಕಟಕ್ಕಿಂತ ಮುಚ್ಚಿಟ್ಟ ಸಂಕಟವೇ ನನ್ನನ್ನು ತಿನ್ನುತ್ತಿತ್ತು ಎಂದು ಆಗ ಅರ್ಥವಾಯಿತು. ಅಂದೇ 1930ಕ್ಕೆ ಹೇಳಿದ್ದರೆ ಹಣದಲ್ಲಿ ಒಂದಿಷ್ಟಾದರೂ ಉಳಿಯುತ್ತಿತ್ತೇನೋ. ಅಂದೇ ಹೆಂಡತಿಗೆ ಹೇಳಿದ್ದರೆ ಮೂರು ತಿಂಗಳ ನಿದ್ದೆಯಂತೂ ಉಳಿಯುತ್ತಿತ್ತು.

ಆ ವಾರದ ಹೋಮ್‌ವರ್ಕು ಅದೇ. ಏನು ಹೇಳುತ್ತೇನೆ, ಮೊದಲ ವಾಕ್ಯ ಯಾವುದು, ಯಾವಾಗ, ಎಲ್ಲಿ, ಎಲ್ಲವನ್ನೂ ಬರೆದು ಆಕೆಯ ಮುಂದೆ ಎರಡು ಸಲ ಒಪ್ಪಿಸಿದೆ. ಮೊಮ್ಮಗಳು ಶಾಲೆಯಲ್ಲಿ ಮಾಡಿದ್ದೂ ಇದನ್ನೇ ಅಲ್ಲವೇ!

ಭಾನುವಾರ ಬೆಳಿಗ್ಗೆ ಹೆಂಡತಿ ಸೊಪ್ಪು ಬಿಡಿಸುತ್ತ ಕೂತಿದ್ದಾಗ ಪಕ್ಕದಲ್ಲಿ ಕೂತು ಹೇಳಿದೆ. ಅವಳು ಪೂರ್ತಿ ಕೇಳಿದಳು. ಸೊಪ್ಪಿನ ತಟ್ಟೆ ಕೆಳಗಿಟ್ಟಳು.

“ದುಡ್ಡು ಹೋದ್ರೆ ಹೋಯ್ತು ಅಂದ್ಕೋಬಹುದು ರೀ. ಮೂರು ತಿಂಗಳು ಪಕ್ಕದಲ್ಲೇ ಮಲಗಿದ್ದು, ನನಗೆ ಒಂದು ಮಾತು ಹೇಳಲಿಲ್ಲವಲ್ಲ. ಅದನ್ನ ಏನಂದ್ಕೊಳ್ಳಲಿ?”

ಎರಡು ದಿನ ಮಾತಿಲ್ಲ. ಇದೂ ಆಗಬಹುದು ಎಂದು ಮೇಡಂ ಮೊದಲೇ ಹೇಳಿದ್ದರಿಂದ ತಾಳಿಕೊಂಡೆ. ಮೂರನೇ ದಿನ ಅವಳೇ, “ನಡೀರಿ, ಪೊಲೀಸಿಗೆ ಒಂದು ಕಂಪ್ಲೇಂಟ್ ಆದ್ರೂ ಕೊಡೋಣ” ಎಂದು ಹೊರಟಳು. ಕೊಟ್ಟೆವು. ತಡವಾಗಿತ್ತು, ಹಣ ಬಂದಿಲ್ಲ. ಆದರೆ ಆ ದಿನ ವಾಪಸು ಬರುವಾಗ ಇಬ್ಬರೂ ಒಂದು ಹೋಟೆಲಿಗೆ ಹೋಗಿ ದೋಸೆ ತಿಂದೆವು.

ಏಣಿಯ ಮೆಟ್ಟಿಲುಗಳು

ಫೋನಿನ ಭಯಕ್ಕೆ ಆಕೆ ಒಂದು ಏಣಿ ಬರೆಸಿದರು. ಎಷ್ಟು ಹೆದರಿಕೆ ಎಂದು ಹತ್ತಕ್ಕೆ ಅಂಕ ಕೊಡಬೇಕು. ಫೋನು ಆನ್ ಮಾಡಿ ಮೇಜಿನ ಮೇಲಿಡುವುದು: 3. ಗೊತ್ತಿರುವವರ ಕರೆ ತೆಗೆಯುವುದು: 4. ಗೊತ್ತಿಲ್ಲದ ಕರೆ ತೆಗೆದು, ‘ಬೇಡ’ ಎಂದು ನಾನೇ ಇಡುವುದು: 7. ಬ್ಯಾಂಕಿನ ಆ್ಯಪ್ ತೆರೆದು ಬಾಕಿ ನೋಡುವುದು: 8. ನಾನೇ ಒಬ್ಬರಿಗೆ ಹಣ ಕಳಿಸುವುದು: 9. ಬೆಂಚಿನ ಗೆಳೆಯರಿಗೆ ನಡೆದದ್ದು ಹೇಳುವುದು: 10. ಕೆಳಗಿನ ಮೆಟ್ಟಿಲು ಅಭ್ಯಾಸವಾಗುವವರೆಗೆ ಮೇಲಿನದಕ್ಕೆ ಕಾಲಿಡುವಂತಿಲ್ಲ. ಹೆದರಿಕೆ ಹೋದ ಮೇಲೆ ಕೆಲಸ ಮಾಡೋಣ ಎಂದು ನಾನು ಕಾಯುತ್ತಿದ್ದೆ. ಕೆಲಸ ಮಾಡಿದ ಮೇಲೆ ಹೆದರಿಕೆ ಹೋಗುತ್ತದೆ ಎಂಬುದು ಈ ಏಣಿ ಕಲಿಸಿದ ಪಾಠ.

ಮೊದಲ ಆರು ಭೇಟಿಗಳ ಶುಲ್ಕವನ್ನು ಮಗ ಕಟ್ಟಿದ್ದ. ಏಳನೆಯದನ್ನು ನಾನೇ ನನ್ನ ಫೋನಿನಿಂದ ಕಟ್ಟಿದೆ. ಕೈ ನಡುಗಿತು, ಪಿನ್ ಒಂದು ಸಲ ತಪ್ಪಿತು. ಆದರೆ ಕಟ್ಟಿದೆ. ‘ಬಂತು ಸರ್’ ಎಂದು ಆಕೆ ಸಂದೇಶ ಕಳಿಸಿದಾಗ, 1974ರಲ್ಲಿ ಮೊದಲ ದಿನದ ಲೆಕ್ಕ ತಾಳೆಯಾದಾಗ ಆದಷ್ಟೇ ಖುಷಿಯಾಯಿತು.

ಅಜ್ಜಿಯರ ಬೆಂಚು, ಅಜ್ಜಂದಿರ ಬೆಂಚು

ಹತ್ತನೇ ಮೆಟ್ಟಿಲಿಗೆ ಹಿಂಜರಿಯುತ್ತಿದ್ದಾಗ ಆಕೆ ಒಂದು ಸಂಗತಿ ಹೇಳಿದರು. ಆಫ್ರಿಕಾದ ಜಿಂಬಾಬ್ವೆ ದೇಶದಲ್ಲಿ ಮನೋವೈದ್ಯರು ಬಹಳ ಕಡಿಮೆ. ಅಲ್ಲಿನ ವೈದ್ಯ ಡಿಕ್ಸನ್ ಚಿಬಾಂಡ 2006ರಲ್ಲಿ ಹರಾರೆ ನಗರದಲ್ಲಿ 14 ಅಜ್ಜಿಯರಿಗೆ ತರಬೇತಿ ಕೊಟ್ಟರು. ಆರೋಗ್ಯ ಕೇಂದ್ರದ ಹೊರಗೆ ಒಂದು ಮರದ ಬೆಂಚು, ಅದರ ಮೇಲೆ ಒಬ್ಬ ಅಜ್ಜಿ. ಕಷ್ಟ ಇರುವವರು ಬಂದು ಪಕ್ಕದಲ್ಲಿ ಕೂತು ಹೇಳಿಕೊಳ್ಳುತ್ತಾರೆ. ಅಜ್ಜಿ ಕಿವಿಗೊಟ್ಟು ಕೇಳಿ, ‘ಇದರಲ್ಲಿ ಮೊದಲು ಯಾವುದನ್ನು ಬಗೆಹರಿಸೋಣ?’ ಎಂದು ಒಂದೊಂದೇ ಸಮಸ್ಯೆ ಕೈಗೆತ್ತಿಕೊಳ್ಳಲು ನೆರವಾಗುತ್ತಾರೆ. ‘ಗೆಳೆತನದ ಬೆಂಚು’ ಎಂದೇ ಅದರ ಹೆಸರು. ಹೀಗೆ ನೆರವು ಪಡೆದವರಲ್ಲಿ ಖಿನ್ನತೆಯ ಲಕ್ಷಣಗಳು ಕಡಿಮೆಯಾದವು ಎಂಬ ಅಧ್ಯಯನ 2016ರಲ್ಲಿ ಅಮೆರಿಕದ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು.

“ನಿಮ್ಮ ಹತ್ತಿರ ಬೆಂಚೂ ಇದೆ, ಐದು ಜನ ಅಜ್ಜಂದಿರೂ ಇದ್ದಾರೆ” ಎಂದು ನಕ್ಕರು ಮೇಡಂ.

ಮಾರ್ಗಶಿರದ ಚಳಿಯಲ್ಲಿ ಮಫ್ಲರ್ ಸುತ್ತಿಕೊಂಡು ಕೆರೆಗೆ ಹೋದೆ. ನೀರಿನಲ್ಲಿ ಹೆಜ್ಜಾರ್ಲೆಗಳು ತೇಲುತ್ತಿದ್ದವು. “ಎಲ್ಲಿ ಹಾಳಾಗ್ ಹೋಗಿದ್ದೆಯಯ್ಯಾ?” ಎಂದರು ಗೆಳೆಯರು. ಹೇಳಿದೆ. ಯಾರೂ ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರಲ್ಲೊಬ್ಬ, ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತನಾದವನು, ಕೆರೆಯ ಕಡೆ ನೋಡುತ್ತಲೇ ಹೇಳಿದ. “ನಂಗೂ ಆಯ್ತು ಕಣಯ್ಯ. ಎರಡು ವರ್ಷವಾಯ್ತು. ಮನೇಲಿ ಇವತ್ತಿಗೂ ಗೊತ್ತಿಲ್ಲ.”

ಪರದೆ ಸಾಲದ ಜಾಗ

ಎಲ್ಲಕ್ಕೂ ಫೋನು ಸಾಕು ಎಂದು ಯಾರೂ ತಿಳಿಯಬಾರದು. ಜೀವ ಕಳೆದುಕೊಳ್ಳುವ ಯೋಚನೆ ಬರುತ್ತಿದ್ದರೆ, ಇಲ್ಲದ ದನಿಗಳು ಕೇಳುತ್ತಿದ್ದರೆ, ಕುಡಿತ ಬಿಡುವಾಗ ನಡುಕ, ಗೊಂದಲ ಕಾಣಿಸಿಕೊಂಡರೆ, ದಿನೇ ದಿನೇ ಮರೆವು ಹೆಚ್ಚುತ್ತಿದ್ದರೆ ನೇರವಾಗಿ ಆಸ್ಪತ್ರೆಗೇ ಹೋಗಬೇಕು. ಕಿವಿ ಮಂದವಿರುವವರಿಗೆ, ಮನೆಯಲ್ಲಿ ಬಾಗಿಲು ಮುಚ್ಚಿ ಕೂರಲು ಜಾಗವಿಲ್ಲದವರಿಗೆ ವಿಡಿಯೋ ಕಷ್ಟ. ನನಗೂ ಎರಡು ಸಲ ನೆಟ್‌ವರ್ಕ್ ಕೈಕೊಟ್ಟು, ಮುಖ್ಯವಾದ ಮಾತು ಅರ್ಧಕ್ಕೇ ನಿಂತಿತು. ಆಗ ಆಕೆ ಮಾಮೂಲಿ ಕರೆ ಮಾಡಿ ಮುಗಿಸಿದರು.

ಹಾಗೆಯೇ ಇದು ಮುಗಿಯದ ಕಥೆಯೂ ಅಲ್ಲ. ನನಗೆ ವಾರಕ್ಕೊಂದರಂತೆ ಎಂಟು ಭೇಟಿ ಸಾಕಾಯಿತು. ಯುಗಾದಿಯ ಮೇಲೆ ಒಮ್ಮೆ ‘ಹೇಗಿದ್ದೀರಿ’ ಎಂಬ ಕರೆ. ಕೆಲವರಿಗೆ ಹೆಚ್ಚು ಬೇಕಾಗಬಹುದು, ಜೊತೆಗೆ ಔಷಧವೂ ಬೇಕಾಗಬಹುದು. ಅದರಲ್ಲಿ ನಾಚಿಕೆಯೇನಿಲ್ಲ.

ನೆನಪಿಡಿ

ಅಜ್ಜ ಅಜ್ಜಿಯರಿಗೆ:
• ಮೊದಲು ನಿಮ್ಮ ಡಾಕ್ಟರ ಹತ್ತಿರ ದೇಹದ ತಪಾಸಣೆ ಮಾಡಿಸಿಕೊಳ್ಳಿ.
• ಚಿಕಿತ್ಸಕರ ಓದು, ನೋಂದಣಿ ಸಂಖ್ಯೆ, ಶುಲ್ಕ ಮೊದಲೇ ಕೇಳಿ. ನಿಜವಾದವರು ಬೇಸರಪಡುವುದಿಲ್ಲ.
• ಯಾವ ಚಿಕಿತ್ಸಕರೂ ಒಟಿಪಿ, ಪಿನ್ ಕೇಳುವುದಿಲ್ಲ. ಕೇಳಿದರೆ ಕರೆ ಇಟ್ಟುಬಿಡಿ.
• ಏನು ಬದಲಾಗಬೇಕೆಂದು ಎರಡು ಮೂರು ಸಾಲು ಬರೆದುಕೊಂಡು ಕೂರಿ.

ಮೊಮ್ಮಕ್ಕಳಿಗೆ:
• ಫೋನು ಹೊಂದಿಸಿಕೊಟ್ಟು ಕೋಣೆಯಿಂದ ಹೊರಗೆ ಬನ್ನಿ.
• ತಾತ, ಅಜ್ಜಿ ಬಟನ್ ತಪ್ಪಿದರೆ ನಗಬೇಡಿ. ನಿಮಗೆ ಮಗ್ಗಿ ಕಲಿಸುವಾಗ ಅವರು ನಗಲಿಲ್ಲ.
• ನಿಮ್ಮದೂ ಏನಾದರೂ ‘ಶಾರ್ಟ್’ ಇದ್ದರೆ ಅಂದೇ ದೊಡ್ಡವರೊಬ್ಬರಿಗೆ ಹೇಳಿ.

ಕಾಶಿಗೆ ನಾವಿನ್ನೂ ಹೋಗಿಲ್ಲ. ಹೆಂಡತಿ ಹೊಸದಾಗಿ ಆರ್‌ಡಿ ಶುರು ಮಾಡಿದ್ದಾಳೆ. ಪಾಸ್‌ಬುಕ್ಕು ಈಗ ಅವಳ ಸುಪರ್ದಿಯಲ್ಲಿದೆ. ಫೋನು ಬೀರುವಿನಿಂದ ಮೇಜಿಗೆ ಬಂದಿದೆ. ಭಾನುವಾರ ಸಂಜೆ ಏಳು ಗಂಟೆಗೆ ಸರಿಯಾಗಿ ಅದು ಸದ್ದು ಮಾಡುತ್ತದೆ. ನಾನು ಈಗ ಬೆಚ್ಚುವುದಿಲ್ಲ. ತೆಗೆದರೆ ಆ ಕಡೆಯಿಂದ ಮೊಮ್ಮಗಳ ದನಿ.

“ತಾತಾ, ಈ ವಾರ ಕ್ಯಾಶ್ ತಾಳೆ ಆಯ್ತಾ? ಶಾರ್ಟ್ ಏನಾದ್ರೂ ಇದ್ಯಾ?”

“ನಿಂದು ಮೊದ್ಲು ಹೇಳು” ಎನ್ನುತ್ತೇನೆ.